ಬೆಳಕಿನ ಬಣ್ಣ ಬದಲಿಸುವ ಹರಳುಗಳು



ಗಟ್ಟಿ ಸಕ್ಕರೆ ಪಾಕದಲ್ಲಿ ದಾರವೊಂದನ್ನು ಇಳಿಬಿಟ್ಟು, ಅಲುಗಿಸದೆ ಕೆಲವು ದಿನ ಇಟ್ಟರೆ ದಾರದ ಸುತ್ತ ಕಲ್ಲುಸಕ್ಕರೆ ಕಟ್ಟುವುದನ್ನು ನೀವು ಬಲ್ಲಿರಿ. ಹೆಚ್ಚು ಕಡಿಮೆ ಇದೇ ರೀತಿಯಲ್ಲಿ, ಲೇಸರ್ ಕಿರಣದ ಬಣ್ಣವನ್ನೇ ಬದಲಿಸಬಲ್ಲ ಹರಳುಗಳನ್ನು ಪ್ರಯೋಗಾಲಯಗಳಲ್ಲಿ ಬೆಳೆಸುತ್ತಾರೆ.

1961ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರ್‌ನ ಕೆಂಪು ಕಿರಣವನ್ನು ಕ್ವಾರ್ಟ್ಸ್ ಹರಳಿನ ಮೂಲಕ ಹಾಯಿಸಿದರು. ಒಳಹೊಕ್ಕ ಬೆಳಕಿನ ತರಂಗದೂರ 694 ನ್ಯಾನೊಮೀಟರ್. ಹೊರಬಂದ ಬೆಳಕಿನ ಒಂದು ಅತ್ಯಲ್ಪ ಅಂಶದ ತರಂಗದೂರ ಸರಿಯಾಗಿ ಅದರ ಅರ್ಧ, 347 ನ್ಯಾನೊಮೀಟರ್. ಇದನ್ನು ಅರೇಖೀಯ ದ್ಯುತಿ ಪರಿಣಾಮವೆನ್ನುತ್ತಾರೆ. ಇಂದು ಸಭೆಗಳಲ್ಲಿ ಭಾಷಣಕಾರರು ಹಿಡಿಯುವ ಹಸಿರು ಲೇಸರ್ ಕಡ್ಡಿಯಲ್ಲಿ, ಕಣ್ಣಿಗೆ ಕಾಣದ 1064 ನ್ಯಾನೊಮೀಟರ್ ಕಿರಣವನ್ನು 532ಕ್ಕೆ ಇಳಿಸಿ ಹಸಿರಾಗಿಸುವುದು ಇಂಥದೇ ಒಂದು ಪುಟ್ಟ ಹರಳು.

ಸಾವಯವ ಹರಳುಗಳು ಈ ಕೆಲಸದಲ್ಲಿ ಬಲು ಚುರುಕು. ಆದರೆ ಮೆದು, ಶಾಖ ತಾಳವು. ನಿರವಯವ ಹರಳುಗಳು ಗಟ್ಟಿ. ಆದರೆ ಅವುಗಳಲ್ಲಿ ಹಲವು ಇಷ್ಟು ಚುರುಕಲ್ಲ. ಎರಡರ ಗುಣಗಳನ್ನೂ ಕೂಡಿಸುವ ಯತ್ನವೇ ಅರೆಸಾವಯವ ಹರಳು. ಅಮೈನೋ ಆಮ್ಲವೊಂದನ್ನು ನಿರವಯವ ಆಮ್ಲ ಅಥವಾ ಲವಣದೊಡನೆ ಸೇರಿಸಿ ಇದನ್ನು ಪಡೆಯುತ್ತಾರೆ. 1980ರ ದಶಕದಲ್ಲಿ ಚೀನಾದ ವಿಜ್ಞಾನಿಗಳು ಬೆಳೆಸಿದ ಎಲ್-ಆರ್ಜಿನೈನ್ ಫಾಸ್ಫೇಟ್ ಇದಕ್ಕೆ ಪ್ರಸಿದ್ಧ ಉದಾಹರಣೆ.

ಬೆಳೆಸುವ ಕ್ರಮ ಸರಳ. ಪದಾರ್ಥಗಳನ್ನು ಶುದ್ಧ ನೀರಿನಲ್ಲಿ ಕರಗಿಸಿ, ಸೋಸಿ, ಸಣ್ಣ ರಂಧ್ರಗಳುಳ್ಳ ಮುಚ್ಚಳ ಹಾಕಿ, ಏರಿಳಿತವಿಲ್ಲದ ಉಷ್ಣತೆಯಲ್ಲಿಡಬೇಕು. ನೀರು ನಿಧಾನವಾಗಿ ಆರಿದಂತೆ ಹರಳು ಬೆಳೆಯುತ್ತದೆ. ಅವಸರಪಟ್ಟರೆ ಅದರೊಳಗೆ ದ್ರಾವಣದ ಹನಿಗಳು ಸಿಕ್ಕಿಕೊಂಡು ಮಬ್ಬಾಗುತ್ತದೆ. ಆರ್ಜಿನೈನ್ ದ್ರಾವಣದಲ್ಲಿ ಬೂಷ್ಟು ಹಿಡಿಯುವ ಕಾಟವೂ ಉಂಟು.

ಆದರೆ ಹರಳು ಬೆಳೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೆಳೆದದ್ದು ಏನೆಂದು ತಿಳಿಯಬೇಕು. ಇಲ್ಲಿಯೇ ಅನೇಕರು ಎಡವಿದ್ದಾರೆ. ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ತೆಗೆದುಕೊಳ್ಳಿ. ಬರಿಯ ನೀರಿನಿಂದ ಅದು ಸಾಮಾನ್ಯವಾಗಿ ಆಲ್ಫಾ ರೂಪದಲ್ಲಿ ಹರಳುಗಟ್ಟುತ್ತದೆ. ಇದರ ರಚನೆಗೆ ಸಮ್ಮಿತಿಯ ಕೇಂದ್ರವಿರುವುದರಿಂದ ಇದು ತರಂಗದೂರವನ್ನು ಅರ್ಧಕ್ಕಿಳಿಸದು. ನೀರಿಗೆ ಅಡುಗೆ ಉಪ್ಪು ಬೆರೆಸಿದರೆ ಗಾಮಾ ರೂಪ ಮೂಡಬಹುದು. ಇದಕ್ಕೆ ಅಂಥ ಕೇಂದ್ರವಿಲ್ಲ. ಲೇಸರ್ ಹಾಯಿಸಿದರೆ ಹಸಿರು ಮಿನುಗುತ್ತದೆ. ಉಪ್ಪು ಮಾತ್ರ ಹರಳಿನೊಳಗೆ ಸೇರಿಯೇ ಇರುವುದಿಲ್ಲ! ಮಿನುಗನ್ನಷ್ಟೇ ನಂಬಿದವರು ಹೊಸ ಪದಾರ್ಥ ದೊರೆಯಿತೆಂದು ಸಾರಿಬಿಡುತ್ತಾರೆ. ಅಮೈನೋ ಆಮ್ಲದ ಹರಳುಗಳ ಬಗ್ಗೆ ಪ್ರಕಟವಾದ ಇಂಥ ಹಲವು ತಪ್ಪುಗಳನ್ನು ಮಿಷೆಲ್ ಫ್ಲೆಕ್ ಮತ್ತು ಅರಾಮ್ ಪೆಟ್ರೋಸ್ಯಾನ್ 2010ರಲ್ಲಿ ಎತ್ತಿ ತೋರಿಸಿದರು.

ಆದ್ದರಿಂದ ಮೊದಲು ಕ್ಷ-ಕಿರಣ ಪರೀಕ್ಷೆಯಿಂದ ಹರಳಿನ ರಚನೆಯನ್ನು ಅರಿತು, ಮೂಲ ಪದಾರ್ಥಗಳ ರಚನೆಯೊಡನೆ ಹೋಲಿಸಬೇಕು. ಯಾವ ಧಾತು ಎಷ್ಟಿದೆಯೆಂದು ವಿಶ್ಲೇಷಿಸಬೇಕು. ಆಮೇಲೆ ಪಾರದರ್ಶಕತೆ, ಶಾಖ ತಾಳುವ ಶಕ್ತಿ, ಗಡಸುತನ, ಕಡೆಯಲ್ಲಿ ಲೇಸರ್.

ವಿಜ್ಞಾನದ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಕೆಲವರು ನಾಳೆ ಈ ಕೆಲಸಕ್ಕೆ ಕೈ ಹಾಕಬಹುದು. ಇದಕ್ಕೆ ಭಾರಿ ಯಂತ್ರಗಳು ಬೇಡ, ಬೀಕರೊಂದಿದ್ದರೆ ಆರಂಭಿಸಬಹುದು. ಆದರೆ ಬೀಕರಿಗೆ ಏನೇನು ಹಾಕಿದೆವೆಂಬುದರಿಂದ ಹರಳಿಗೆ ಹೆಸರಿಡಬೇಡಿ. ಹರಳಿನೊಳಗೆ ಏನಿದೆಯೆಂದು ನೋಡಿ ಹೆಸರಿಡಿ. ಬೆಳೆಸಲು ವಾರಗಟ್ಟಲೆ ಕಾದವರಿಗೆ ಪರೀಕ್ಷಿಸಲು ಇನ್ನು ನಾಲ್ಕು ದಿನ ಕಾಯುವುದು ಹೆಚ್ಚೇನಲ್ಲ.