ಹೃದಯ ಕಾದರೆ ನೆನಪೂ ಉಳಿದೀತು



ಹಾರ್ಟ್ ಅಟ್ಯಾಕ್ ಆದವರು ಸೊಸೈಟಿಗೆ ಕಂತು ಕಟ್ಟಿದ್ದನ್ನೇ ಮರೆತರೆ ನಾವು ‘ವಯಸ್ಸಾಯ್ತು ಬಿಡಿ’ ಅಂತೀವಿ. ಅಷ್ಟಕ್ಕೇ ಬಿಡಬಾರದು. ಮಿದುಳಿನ ತೂಕ ದೇಹದ ನೂರಕ್ಕೆ 2 ಪಾಲು. ದೇಹ ಬಳಸುವ ಆಮ್ಲಜನಕದಲ್ಲಿ ಮಾತ್ರ ಸುಮಾರು 20 ಪಾಲು ಅದಕ್ಕೇ ಬೇಕು. ಪಂಪು ಸೋತರೆ ಕೊನೆಯ ಗದ್ದೆ ಒಣಗಿದಂತೆ, ಹೃದಯ ಸೋತರೆ ಮಿದುಳು ಬಡವಾಗುತ್ತದೆ. ಹೃದಯದ ರಕ್ತನಾಳ ಕೆಡಿಸುವ ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಮಿದುಳಿನ ಸಣ್ಣ ನಾಳಗಳನ್ನೂ ಬಿಡುವುದಿಲ್ಲ. ಹೃದ್ರೋಗ ಗೊತ್ತಾದ ಮೇಲಿನ ವರ್ಷಗಳಲ್ಲಿ ನೆನಪು ಬೇಗ ಕುಗ್ಗುವುದು 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ ಕಂಡಿದೆ.

ಆದ್ದರಿಂದ ಮಾತ್ರೆ ತಪ್ಪಿಸದಿರೋಣ, ಬೀಡಿ ಬಿಡೋಣ, ದಿನಾ ನಡೆಯೋಣ. ಮರೆವು ಹೆಚ್ಚಿದರೆ ಮನೆಯವರಾದ ನಾವೇ ಡಾಕ್ಟರಿಗೆ ಹೇಳೋಣ. ಮರೆತವರು ಅದನ್ನೂ ಮರೆತಿರುತ್ತಾರೆ.