ಪರದೆಯ ಮೇಲಿನ ಗೆಳೆತನ



ಮುಂಬಯಿಯ ನಮ್ಮ ಮನೆಗಳ ಮಕ್ಕಳು ಓದಿಗಾಗಿ ಸುರತ್ಕಲ್, ಮಣಿಪಾಲ, ಪುಣೆ ಎಂದು ಚದುರಿಹೋಗಿರುವರು. ರಾತ್ರಿ ಹತ್ತಾಯಿತೆಂದರೆ ಹಳೆಯ ಗೆಳೆಯರೆಲ್ಲ ಮೊಬೈಲಿನ ಪರದೆಯ ಮೇಲೆ ಕೂಡುವರು. ‘ಇದೇನು ಕಾಡುಹರಟೆ!’ ಎಂದು ಗೊಣಗುವ ಹಿರಿಯರು ನಮ್ಮಲ್ಲುಂಟು. ನಾವು ಹಾಗೆನ್ನಲಾರೆವು. ಊರು ಬಿಟ್ಟ ನಮ್ಮ ತಂದೆಯಂದಿರು ಇನ್‌ಲ್ಯಾಂಡ್ ಪತ್ರದ ಉತ್ತರಕ್ಕೆ ಕಾದು ಕಾದು ಎಷ್ಟು ಬಾಲ್ಯಸ್ನೇಹಿತರನ್ನು ಕಳೆದುಕೊಂಡರೆಂಬುದನ್ನು ಕಂಡವರು ನಾವು.

2018ರಲ್ಲಿ ವಾಟ್ಸ್‌ಆಪಿನಲ್ಲಿ ಮುಖ ನೋಡಿ ಮಾತನಾಡಲು 4 ಜನಕ್ಕೆ ಮಾತ್ರ ಅವಕಾಶವಿತ್ತು. ಕಾಲೇಜುಗಳು ಮುಚ್ಚಿದ್ದ 2020ರ ಏಪ್ರಿಲಿನಲ್ಲಿ ಅದು 8 ಆಯಿತು, 2022ರಲ್ಲಿ 32. ಜೂಮಿನಲ್ಲಾದರೋ ಹಣ ಕೊಡದವರಿಗೆ 40 ನಿಮಿಷ. ಮಾತು ಅರ್ಧಕ್ಕೇ ಕಡಿಯುವುದು, ಹುಡುಗರು ಮತ್ತೆ ಕೂಡುವರು.

ಆದರೆ ಗುಂಪು ಬೆಳೆದಂತೆಲ್ಲ ಬಾಯಿದ್ದವನದೇ ರಾಜ್ಯ. ಪರೀಕ್ಷೆಯಲ್ಲಿ ನಪಾಸಾದವನು, ಹಾಸ್ಟೆಲಿನಲ್ಲಿ ಒಂಟಿಯಾದವಳು ಕ್ಯಾಮೆರಾ ಮುಚ್ಚಿ ಕೂಡುವರು. ‘ನೆಟ್‌ವರ್ಕ್ ಇಲ್ಲ’ ಎಂದರೆ ಮುಗಿಯಿತು. ಜಂಟಿ ಖಾತೆಯ ಹಾಗೆ (ಬ್ಯಾಂಕಿನವರ ಉಪಮೆ, ಮನ್ನಿಸಬೇಕು) ಇನ್ನೊಬ್ಬರು ಕಟ್ಟಿರುವರೆಂದು ಎಲ್ಲರೂ ನಂಬಿರುವರು; ಯಾರೂ ಕಟ್ಟಿರುವುದಿಲ್ಲ. ಆದುದರಿಂದ ಮಕ್ಕಳನ್ನು ‘ಯಾರು ಯಾರು ಬಂದಿದ್ದರು?’ ಎಂದು ಮಾತ್ರವಲ್ಲ, ‘ಯಾರು ಮಾತನಾಡಲಿಲ್ಲ?’ ಎಂದೂ ವಿಚಾರಿಸಿರಿ.

ನಮಗೆ ಪರಿಚಯದ ಮನೆಯ ಹುಡುಗಿಯೊಬ್ಬಳು ಮೂರು ಶುಕ್ರವಾರ ಹೀಗೆ ಬರಿಯ ಕಪ್ಪು ಚೌಕವಾಗಿದ್ದಳು. ನಾಲ್ಕನೆಯ ವಾರ ಗೆಳತಿಯೊಬ್ಬಳು ಗುಂಪನ್ನು ಬಿಟ್ಟು ಅವಳೊಬ್ಬಳಿಗೇ ಕರೆ ಮಾಡಿದಳು. ಹುಡುಗಿ ತರಗತಿಗೆ ಹೋಗುವುದನ್ನೂ ಹೊತ್ತಿನ ಊಟವನ್ನೂ ಬಿಟ್ಟಿದ್ದ ಸಂಗತಿ ಆಗ ಹೊರಬಿದ್ದಿತು. ಮರುದಿನವೇ ಅವಳ ತಾಯಿ ರೈಲು ಹತ್ತಿದರು.