ಸಂಗೀತಶಾಸ್ತ್ರವೂ ವಿಶ್ವವಿದ್ಯಾನಿಲಯದ ವ್ಯಾಸಂಗವೂ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ನಡೆದ ಉಪನ್ಯಾಸ)



ತುಂಗೆಯೂ ಭದ್ರೆಯೂ ಗಂಗಾಮೂಲದಲ್ಲಿ ಒಂದೇ ಗಿರಿಯ ಒಡಲಿನಿಂದ ಹುಟ್ಟಿದವುಗಳು. ಒಂದು ಶೃಂಗೇರಿಯ ಶಾರದೆಯ ಸನ್ನಿಧಿಯನ್ನೂ ಇನ್ನೊಂದು ಬಾಳೆಹೊನ್ನೂರಿನ ರಂಭಾಪುರೀ ಪೀಠದ ಸನ್ನಿಧಿಯನ್ನೂ ಬಳಸಿ ಬೇರೆಬೇರೆಯಾಗಿ ಹರಿದು, ಕೊನೆಗೆ ಕೂಡಲಿಯಲ್ಲಿ ಒಂದಾಗುವುವು. ಸಂಗೀತವಿದ್ಯೆಗೂ ಇಂತಹವೇ ಎರಡು ಪ್ರವಾಹಗಳುಂಟು. ಕಂಠದಲ್ಲಿಯೂ ವಾದ್ಯದಲ್ಲಿಯೂ ನೆಲೆಗೊಂಡ ಪ್ರಯೋಗವನ್ನು ನಮ್ಮ ಹಿರಿಯರು ಲಕ್ಷ್ಯವೆಂದು ಕರೆದರು. ಆ ಪ್ರಯೋಗವನ್ನು ವಿವರಿಸಿ, ಅಳೆದು, ವ್ಯವಸ್ಥೆಗೊಳಿಸುವ ವಿಚಾರವನ್ನು ಲಕ್ಷಣವೆಂದು ಕರೆದರು. ಲಕ್ಷ್ಯವನ್ನು ಗುರುಗಳ ಮನೆಯೂ ಮಠಗಳೂ ಕಾಪಾಡಿಕೊಂಡು ಬಂದವು. ಲಕ್ಷಣವನ್ನು ಕ್ರಮಬದ್ಧವಾಗಿ ಕಲಿಸುವ ಭಾರವು ಈ ಕಾಲದಲ್ಲಿ ವಿಶ್ವವಿದ್ಯಾನಿಲಯಗಳ ಮೇಲೆ ಬಿದ್ದಿರುವುದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಯಾವುದೊಂದು ಮನೆಯಲ್ಲಿಯಾದರೂ ಮಗನೋ ಮಗಳೋ ಪದವಿಯ ತರಗತಿಯಲ್ಲಿ ಸಂಗೀತಶಾಸ್ತ್ರವನ್ನು ಓದುವೆನೆಂದರೆ ಹಿರಿಯರ ಬಾಯಿಂದ ಎರಡು ಪ್ರಶ್ನೆಗಳು ಹೊರಡುವುದು ಸಹಜ. ಹಾಡುವವರಿಗೆ ಪದವಿ ಏತಕ್ಕೆ ಎಂಬುದು ಒಂದು. ಅದರಿಂದ ಹೊಟ್ಟೆ ತುಂಬುವುದೆ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಅವುಗಳಿಗೆ ಉತ್ತರವನ್ನು ಹೇಳದೆ ವಿದ್ಯೆಯ ಮಹಿಮೆಯನ್ನು ಮಾತ್ರ ಕೊಂಡಾಡಿದರೆ ಪ್ರಯೋಜನವಾಗದು.

ಹಾಡುವುದನ್ನು ಕಲಿಯುವುದು ಬೇರೆ, ಹಾಡು ಎಂಬುದು ಏನೆಂದು ಅರಿಯುವುದು ಬೇರೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಎರಡು ವೀಣೆಗಳ ಒಂದು ಪರೀಕ್ಷೆಯು ಬರುವುದು. ಸಮನಾಗಿ ಶ್ರುತಿಗೂಡಿಸಿದ ಎರಡು ವೀಣೆಗಳಲ್ಲಿ ಒಂದನ್ನು ಅಚಲವಾಗಿರಿಸಿ, ಇನ್ನೊಂದರ ಸ್ವರಗಳನ್ನು ಹಂತಹಂತವಾಗಿ ಇಳಿಸುತ್ತ, ಇಳಿದ ಸ್ವರವು ಅಚಲವೀಣೆಯ ಯಾವ ಸ್ವರದೊಡನೆ ಕೂಡುವುದೆಂದು ಕಿವಿಯಿಂದಲೇ ನಿರ್ಣಯಿಸಬೇಕು. ಸ್ಥಾಯಿಯೊಂದರಲ್ಲಿ 22 ಶ್ರುತಿಗಳೆಂಬ ಮಾತಿಗೆ ಅಲ್ಲಿ ಕೊಟ್ಟಿರುವ ಪ್ರಮಾಣವು ಈ ಪರೀಕ್ಷೆಯೇ. ತಂತಿಯ ಉದ್ದದ ಮೂರರಲ್ಲಿ ಎರಡು ಪಾಲನ್ನು ಮೀಟಿದರೆ ಪಂಚಮವೂ ಅರ್ಧವನ್ನು ಮೀಟಿದರೆ ಮೇಲಣ ಷಡ್ಜವೂ ಕೇಳಿಬರುವುದೆಂಬುದನ್ನು ಇಂದಿನ ಭೌತಶಾಸ್ತ್ರದ ವಿದ್ಯಾರ್ಥಿಯೂ ಬಲ್ಲನು. 17ನೆಯ ಶತಮಾನದ ವೆಂಕಟಮಖಿಯು ಚತುರ್ದಂಡಿಪ್ರಕಾಶಿಕೆಯಲ್ಲಿ ಪೂರ್ವಾಂಗಕ್ಕೆ ಆರು ಬಗೆಯನ್ನೂ ಉತ್ತರಾಂಗಕ್ಕೆ ಆರು ಬಗೆಯನ್ನೂ ಮಧ್ಯಮಕ್ಕೆ ಎರಡು ಬಗೆಯನ್ನೂ ಗುಣಿಸಿ 72 ಮೇಳಗಳನ್ನು ಸಿದ್ಧಪಡಿಸಿದನು. ಆತನ ಕಾಲದಲ್ಲಿ ಬಳಕೆಯಲ್ಲಿದ್ದ ಮೇಳಗಳು 19 ಮಾತ್ರ. ಉಳಿದವುಗಳಿಗೆ ಲಕ್ಷಣವೇ ಮೊದಲು ದಾರಿಯನ್ನು ತೋರಿತು, ಲಕ್ಷ್ಯವು ಹಿಂದಿನಿಂದ ಬಂದಿತು. ಇಂತಹ ವಿಚಾರವು ಗಾಯಕನ ಕಂಠಕ್ಕೆ ಅವಶ್ಯವಲ್ಲದಿರಬಹುದು. ವಿದ್ಯೆಯ ಬೆಳವಣಿಗೆಗೆ ಅತ್ಯವಶ್ಯವಾದುದು.

ಪಾಶ್ಚಾತ್ಯದೇಶಗಳಲ್ಲಿ ಈ ವಿದ್ಯೆಗೆ ವಿಶ್ವವಿದ್ಯಾನಿಲಯದಲ್ಲಿ ಸ್ಥಾನ ದೊರೆತುದು ಬಹು ಹಿಂದಿನ ಮಾತಲ್ಲ. ಗೀಡೋ ಆಡ್ಲರ್ ಎಂಬ ವಿದ್ವಾಂಸನು 1885ರಲ್ಲಿ ಬರೆದ ಒಂದು ಲೇಖನದಲ್ಲಿ ಸಂಗೀತವಿಚಾರವನ್ನು ಐತಿಹಾಸಿಕವೆಂದೂ ತಾತ್ತ್ವಿಕವೆಂದೂ ಎರಡಾಗಿ ವಿಂಗಡಿಸಿ, ಅದರ ವ್ಯಾಪ್ತಿಯನ್ನೂ ಕ್ರಮವನ್ನೂ ಗೊತ್ತುಪಡಿಸಿದನು. ನಮ್ಮ ದಕ್ಷಿಣದೇಶದಲ್ಲಿ ಮದರಾಸು ವಿಶ್ವವಿದ್ಯಾನಿಲಯವು 1932ರಲ್ಲಿ ಭಾರತೀಯ ಸಂಗೀತದ ಶಾಖೆಯನ್ನು ತೆರೆಯಿತು. ಅಲ್ಲಿ ದುಡಿದ ಪಿ. ಸಾಂಬಮೂರ್ತಿಗಳು ಮ್ಯೂನಿಚ್ ನಗರದಲ್ಲಿ ವ್ಯಾಸಂಗ ಮಾಡಿ ಬಂದವರು. ಕರ್ನಾಟಕದಲ್ಲಿ 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯವೂ 1949ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವೂ ಸಂಗೀತವನ್ನು ತಮ್ಮ ಮಡಿಲಿಗೆ ತೆಗೆದುಕೊಂಡವು. ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿ ಮೈಸೂರಿನಲ್ಲಿ ಸಂಗೀತಕ್ಕೂ ಪ್ರದರ್ಶಕ ಕಲೆಗಳಿಗೂ ಮೀಸಲಾದ ವಿಶ್ವವಿದ್ಯಾನಿಲಯವೊಂದು ಈಗ ನಡೆಯುತ್ತಿರುವುದು. ಮಲೆನಾಡಿನ ವಿದ್ಯಾರ್ಥಿಯು ಘಟ್ಟದ ದಾರಿಯಿಳಿದು ಮೈಸೂರಿಗೋ ಧಾರವಾಡಕ್ಕೋ ಹೋದರೆ ಈ ವಿದ್ಯೆಯು ಆತನಿಗೆ ದೊರೆಯದೆ ಇರದು.

ಆದರೆ ಅಲ್ಲಿಗೆ ಹೋಗುವವನು ಬರಿಗೈಯಿಂದ ಹೋಗುವನೆಂದು ಭಾವಿಸಲಾಗದು. ಈ ಪ್ರಾಂತದಲ್ಲಿಯೇ ಲಕ್ಷಣವಿಚಾರಕ್ಕೆ ಹಳೆಯ ಬೇರುಗಳಿರುವುವು. ಶೃಂಗೇರಿಯ ಪೀಠವನ್ನು ಅಲಂಕರಿಸಿದ್ದ ವಿದ್ಯಾರಣ್ಯರ ಹೆಸರಿನಲ್ಲಿ ಸಂಗೀತಸಾರವೆಂಬ ಗ್ರಂಥವೊಂದಿತ್ತು. ಆ ಗ್ರಂಥವು ಇಂದು ದೊರೆಯದು. ತಂಜಾವೂರಿನ ಗೋವಿಂದದೀಕ್ಷಿತರು ಸಂಗೀತಸುಧೆಯಲ್ಲಿ ಅದರ ಮತವನ್ನು ಎತ್ತಿ ಹೇಳಿರುವುದರಿಂದ, ಅದರಲ್ಲಿ 15 ಮೇಳಗಳೂ 50 ರಾಗಗಳೂ ನಿರೂಪಿತವಾಗಿದ್ದುವೆಂದು ತಿಳಿದುಬರುವುದು. ಮಲೆನಾಡನ್ನು ಆಳಿದ ಕೆಳದಿಯ ಅರಸರಲ್ಲಿ ಬಸವಭೂಪಾಲನು ರಚಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ಗೀತ ವಾದ್ಯ ನೃತ್ಯಗಳ ವಿಚಾರವೂ ಅಡಕವಾಗಿರುವುದು. ನಿಜಗುಣಶಿವಯೋಗಿಗಳು ವಿವೇಕಚಿಂತಾಮಣಿಯಲ್ಲಿ ಕನ್ನಡದಲ್ಲಿಯೇ ಸಂಗೀತದ ಲಕ್ಷಣವನ್ನು ಸಂಗ್ರಹಿಸಿರುವರು. ಶಿವಯೋಗಿಗೆ ಸ್ವರಶಾಸ್ತ್ರವು ಹೊರಗಿನ ವಿಷಯವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಮುಖ್ಯವಾದ ಮಾತಿಗೆ ಬರಬೇಕು. ವೀರಶೈವಸಾಹಿತ್ಯದಲ್ಲಿ ಸ್ವರವಚನಗಳೆಂಬವು ಹಾಡಲಿಕ್ಕೆಂದೇ ಹುಟ್ಟಿದವು. ಓಲೆಯ ಪ್ರತಿಗಳಲ್ಲಿ ಅವುಗಳ ತಲೆಯ ಮೇಲೆ ರಾಗದ ಹೆಸರು ಬರೆದಿರುವುದು; ಅನೇಕ ಕಡೆಗಳಲ್ಲಿ ತಾಳದ ಹೆಸರೂ ಉಂಟು. ಆದರೆ ಸ್ವರಲಿಪಿಯಿಲ್ಲ. ಶಿಷ್ಯನು ಗುರುವಿನ ಬಾಯಿಂದ ಕೇಳಿ ಕಲಿಯುತ್ತಿದ್ದುದರಿಂದ ಬರೆಯುವ ಅವಶ್ಯಕತೆಯು ಯಾರಿಗೂ ತೋರಲಿಲ್ಲ. ಆ ಸರಪಳಿಯು ಎಲ್ಲಿ ಕಡಿಯಿತೋ ಅಲ್ಲಿ ಹೆಸರು ಉಳಿಯಿತು, ಧಾಟಿಯು ಹೋಯಿತು. ಒಂದೇ ರಾಗದ ಹೆಸರು ಕಾಲಕಾಲಕ್ಕೆ ಬೇರೆ ಬೇರೆ ಸ್ವರರೂಪಗಳನ್ನು ತಾಳುವುದುಂಟಾದುದರಿಂದ, ಇಂದಿನ ರಾಗವನ್ನು ಹಿಡಿದು ಅಂದಿನ ಧಾಟಿಯನ್ನು ಊಹಿಸುವುದೂ ಸುಲಭವಲ್ಲ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಿ ಶರಣರ ಮಾತನ್ನು ಉಳಿಸಿದರು. ಮಾತು ಓಲೆಯ ಮೇಲಿತ್ತು, ಆದುದರಿಂದ ಉಳಿಯಿತು. ರಾಗವು ಉಸಿರಿನ ಮೇಲಿತ್ತು; ಅದನ್ನು ಉಳಿಸುವ ಹಳಕಟ್ಟಿಯವರು ಹುಟ್ಟಲಿಲ್ಲ.

ಇಂದು ಮಠಗಳಲ್ಲಿಯೂ ಸಭೆಗಳಲ್ಲಿಯೂ ಕೇಳಿಬರುವ ವಚನಗಾಯನವು ಬಹುಮಟ್ಟಿಗೆ 20ನೆಯ ಶತಮಾನದ ಗಾಯಕರ ಕೊಡುಗೆಯಾಗಿರುವುದು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧಗಾಯಕ ಪಂಚಾಕ್ಷರ ಗವಾಯಿಗಳೂ (1892–1944), ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಪರಂಪರೆಯನ್ನು ಮುಂದುವರಿಸಿದ ಪುಟ್ಟರಾಜ ಗವಾಯಿಗಳೂ (1914–2010), ಧಾರವಾಡದ ವಿಶ್ವವಿದ್ಯಾನಿಲಯದಲ್ಲಿ ಸಂಗೀತವಿಭಾಗವನ್ನು ನಡೆಸಿದ ಮಲ್ಲಿಕಾರ್ಜುನ ಮನಸೂರರೂ (1910–1992) ಸಮಾಜಕ್ಕೆ ನೀಡಿದುದು ಅಪಾರವಾದುದು. ಆದರೂ ಅದು ಹೊಸ ಸೃಷ್ಟಿಯೇ ಹೊರತು ಹಳೆಯದರ ಉಳಿಕೆಯಲ್ಲವೆಂಬ ವಿವೇಕವು ಇರಬೇಕು. ಈ ವಿವೇಕವನ್ನು ಕೊಡುವುದೇ ಶಾಸ್ತ್ರದ ಕೆಲಸ.

ಇದೇ ಮೂರು ತಾಲ್ಲೂಕುಗಳಲ್ಲಿ ಇನ್ನೊಂದು ಸಂಪತ್ತು ಇನ್ನೂ ಉಸಿರಾಡುತ್ತಿರುವುದು. ಯಕ್ಷಗಾನ ಪ್ರಸಂಗಗಳಲ್ಲಿಯೂ ಪದ್ಯದ ತಲೆಯ ಮೇಲೆ ರಾಗತಾಳಗಳ ಹೆಸರು ಮಾತ್ರ ಇರುವುದು. ಧಾಟಿಯು ಭಾಗವತರ ಕಂಠದಲ್ಲಿಯೂ ಮದ್ದಳೆ ಚೆಂಡೆಗಳ ಕೈಯಲ್ಲಿಯೂ ಇರುವುದು. ಸ್ವರವಚನಕ್ಕೂ ಯಕ್ಷಗಾನಕ್ಕೂ ಬರವಣಿಗೆಯು ಒಂದೇ ತೆರನಾದುದು. ಒಂದರ ಸರಪಳಿ ಕಡಿದಿದೆ, ಇನ್ನೊಂದರದು ಕಡಿದಿಲ್ಲ. ಶಿವರಾಮ ಕಾರಂತರು ಯಕ್ಷಗಾನವನ್ನು ವಿಚಾರಪೂರ್ವಕವಾಗಿ ಪರಿಶೀಲಿಸಿ ಬರೆದ ಯಕ್ಷಗಾನ ಬಯಲಾಟವೆಂಬ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಅಂತಹ ಕೆಲಸವು ಒಬ್ಬರಿಂದ ಮುಗಿಯತಕ್ಕದ್ದಲ್ಲ. ದೀಪಾವಳಿಯ ರಾತ್ರಿಗಳಲ್ಲಿ ದೀಪವನ್ನು ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಹೋಗುವ ಅಂಟಿಗೆ ಪಂಟಿಗೆಯವರ ಪದಗಳೂ, ಮದುವೆಯ ಮನೆಯ ಸೋಬಾನೆಗಳೂ, ಮಠದ ಭಜನೆಯ ಧಾಟಿಗಳೂ ಕೇಳುವವರನ್ನು ಕಾಯುತ್ತಿರುವುವು. ಸಂಗೀತಶಾಸ್ತ್ರದ ವಿದ್ಯಾರ್ಥಿಯು ಮೂರು ವರುಷಗಳಲ್ಲಿ ಕಲಿಯಬೇಕಾದುದು ಇದನ್ನೇ: ಕೇಳಿದುದನ್ನು ಸ್ವರಲಿಪಿಯಲ್ಲಿ ಬರೆಯುವುದು, ಒಂದೇ ಪದದ ಹತ್ತು ಧಾಟಿಗಳನ್ನು ಹೋಲಿಸುವುದು, ಹಳೆಯ ಗ್ರಂಥದ ಮಾತನ್ನು ಜೀವಂತ ಪ್ರಯೋಗದೊಡನೆ ಒರೆಹಚ್ಚಿ ನೋಡುವುದು. ಮೊಬೈಲ್ ಫೋನಿನಲ್ಲಿಯೇ ಧ್ವನಿಯನ್ನು ಹಿಡಿದಿಡಬಹುದಾದ ಕಾಲವಿದು. ಆದರೆ ಯಾರು, ಯಾವ ಊರಿನಲ್ಲಿ, ಯಾರಿಂದ ಕಲಿತು ಹಾಡಿದರೆಂಬುದನ್ನು ಬರೆದಿಡದ ಧ್ವನಿಯು ಹೆಸರಿಲ್ಲದ ಶಾಸನದಂತೆ ನಿಲ್ಲುವುದು.

ಹಾಡುವವರಿಗೆ ಪದವಿ ಏತಕ್ಕೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯಿತು: ಪದವಿಯು ಹಾಡುವವನಿಗಾಗಿ ಅಲ್ಲ, ಹಾಡಿಗಾಗಿ. ಎರಡನೆಯ ಪ್ರಶ್ನೆಯನ್ನು ಮರೆಮಾಚಲಾಗದು. ಈ ವಿದ್ಯೆಯು ವೈದ್ಯಕ ಯಂತ್ರವಿದ್ಯೆಗಳಂತೆ ಬೇಗ ಫಲಕೊಡದು. ಅಧ್ಯಾಪಕವೃತ್ತಿ, ಆಕಾಶವಾಣಿ, ಧ್ವನಿಭಂಡಾರ, ಗ್ರಂಥಸಂಪಾದನೆ ಇವು ಇದರ ದಾರಿಗಳು. ಅವು ಕಿರಿದಾದ ದಾರಿಗಳೇ. ಬೇರೆ ವೃತ್ತಿಯೊಡನೆ ಇದನ್ನು ನಡೆಸಿದವರೂ ಉಂಟು. ಮೈಸೂರಿನ ರಾ. ಸತ್ಯನಾರಾಯಣರು ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದುಕೊಂಡೇ ಸಂಗೀತ ನೃತ್ಯಗಳ ಲಕ್ಷಣಗ್ರಂಥಗಳಲ್ಲಿ ಪ್ರಮಾಣಭೂತರಾದರು. ಕನ್ನಡನಾಡಿನಿಂದ ಉತ್ತರಕ್ಕೆ ಹೋದ ಪುಂಡರೀಕವಿಠಲನ ನರ್ತನನಿರ್ಣಯವನ್ನು ಸಂಪಾದಿಸಿದವರು ಅವರೇ. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ವಿದ್ಯಾನಿಲಯದ ವ್ಯಾಸಂಗದಲ್ಲಿಯೂ ದೋಷಕ್ಕೆ ಎಡೆಯುಂಟು. ರಾಗಲಕ್ಷಣವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸಿ, ಆ ರಾಗವು ಎದುರಿಗೆ ಬಂದರೆ ಗುರುತಿಸಲಾರದವನು ಶಾಸ್ತ್ರಜ್ಞನಾಗನು. ಲಕ್ಷ್ಯವಿಲ್ಲದ ಲಕ್ಷಣವು ನೀರಿಲ್ಲದ ಹೊಳೆಯ ಪಾತ್ರದಂತೆ. ಆದುದರಿಂದ ಪದವಿಗೆ ಹೋಗುವವನು ತಂಬೂರಿಯ ಮುಂದೆ ಕುಳಿತು ಕೆಲವು ವರುಷ ಕಂಠವನ್ನು ಪಳಗಿಸಿಕೊಂಡೇ ಹೋಗುವುದು ಲೇಸು.

ಇಲ್ಲಿಯೇ ಮಠಗಳ ಹೊಣೆಯು ಕಾಣುವುದು. ಅನ್ನದಾಸೋಹ ಜ್ಞಾನದಾಸೋಹಗಳನ್ನು ಲೋಕಕ್ಕೆ ಕಲಿಸಿದ ಪರಂಪರೆಯು ವರುಷಕ್ಕೆ ಒಬ್ಬ ವಿದ್ಯಾರ್ಥಿಗಾದರೂ ಸಂಗೀತಶಾಸ್ತ್ರದ ವ್ಯಾಸಂಗಕ್ಕೆ ಊಟ ವಸತಿಗಳ ಆಶ್ರಯವನ್ನಿತ್ತರೆ ಭಾರವಾಗದು. ಆತನು ಹಿಂದಿರುಗಿ ಬಂದಾಗ ಮಠದ ಹಿರಿಯ ಗಾಯಕರ ಪದಗಳನ್ನು ಬರೆದುಕೊಡಲಿ. ಗಂಟುಕಟ್ಟಿ ಇಟ್ಟಿರುವ ಓಲೆಗಳಲ್ಲಿ ರಾಗದ ಹೆಸರುಗಳನ್ನು ಹುಡುಕಲಿ. ಸಂಗೀತಸಾರವು ಕಳೆದುಹೋದರೂ ಅದರ ಮತವನ್ನು ಎತ್ತಿಟ್ಟ ಒಬ್ಬ ಗೋವಿಂದದೀಕ್ಷಿತನು ಹಿಂದೆ ಹುಟ್ಟಿದನು. ಇಂದು ಹಾಡುತ್ತಿರುವ ಮುಪ್ಪಿನ ಕಂಠಗಳಿಗೂ ಅಂತಹವನೊಬ್ಬನು ಬೇಕಾಗಿರುವನು. ಆ ಕಂಠಗಳಿಗೆ ಕಾಯುವ ಅವಕಾಶವಿಲ್ಲ.

ಲಕ್ಷ್ಯಲಕ್ಷಣಗಳೆರಡೂ ಈ ನಾಡಿನಲ್ಲಿ ಕೂಡಲಿಯ ಸಂಗಮದಂತೆ ಒಂದಾಗಲೆಂದೂ, ಅದಕ್ಕೆ ಬೇಕಾದ ತರುಣರನ್ನು ಮಠವೂ ಮನೆಗಳೂ ಮನಸ್ಸಿಟ್ಟು ಕಳುಹಿಸಲೆಂದೂ ಪರಶಿವನು ಅನುಗ್ರಹಿಸಲಿ.

ಶಿವಮಸ್ತು.